ನುಣುಪಣ್ಣನ ಕೈಕೆಲಸ

ಪೊಲೀಸ್ ಠಾಣೆಯ ಕಾಂಪೌಂಡ್ ಗೋಡೆಗೆ ಒರಗಿಕೊಂಡು ಒಂದು ಕಟಿಂಗ್ ಶಾಪ್ ಇತ್ತು. ಮೂರು ಕಡೆ ತಗಡು, ನಾಲ್ಕನೆಯ ಕಡೆ ಸರ್ಕಾರದ ಗೋಡೆ. ಒಳಗೆ ಒಂದು ತಿರುಗು ಕುರ್ಚಿ; ಅದು ಬಲಕ್ಕೆ ಮಾತ್ರ ತಿರುಗುತ್ತಿತ್ತು. ಎದುರಿನ ಕನ್ನಡಿಯ ಮೂಲೆಯಲ್ಲಿ ಪಾದರಸ ಕಿತ್ತುಹೋಗಿದ್ದರಿಂದ ಕೂತ ಗಿರಾಕಿಗೆ ತನ್ನ ಎಡಗಿವಿ ಕಾಣುತ್ತಿರಲಿಲ್ಲ. ಅಂಗಡಿಯವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ಹೆಂಡತಿ ಒಬ್ಬಳೇ, ಅವಳು ತೀರಿಕೊಂಡು ಬಹಳ ಕಾಲವಾಗಿತ್ತು. ಕೂತವರಿಗೆಲ್ಲ "ನುಣ್ಣಗೆ ಮಾಡಿಬಿಡ್ತೀನಿ ಬಿಡಿ" ಅನ್ನುತ್ತಿದ್ದನಾದ್ದರಿಂದ ಬೀದಿಯವರು ಅವನನ್ನು ನುಣುಪಣ್ಣ ಅಂದರು. ಅವನ ತಲೆಯೂ ನುಣ್ಣಗೇ ಇತ್ತು, ಮದ್ದಿಗೂ ಒಂದು ಕೂದಲಿಲ್ಲ. ಯಾರಾದರೂ ಕೆಣಕಿದರೆ, "ಅಡುಗೆಯವನು ಒಂದೊಂದು ದಿನ ಉಪವಾಸ ಇರಬಾರದಾ?" ಎಂದು ನಗುತ್ತಿದ್ದ.

ಆ ಬೀದಿಯ ತಗಡಿನಂಗಡಿಗಳನ್ನೆಲ್ಲ ನಗರಸಭೆಯವರು ಒಂದಲ್ಲ ಎರಡಲ್ಲ, ಎಷ್ಟೋ ಸಲ ಎತ್ತಂಗಡಿ ಮಾಡಿಸಿದರು. ನುಣುಪಣ್ಣನ ಅಂಗಡಿಯ ತಂಟೆಗೆ ಮಾತ್ರ ಯಾರೂ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಠಾಣೆಯಲ್ಲಿ ವಿಚಾರಣೆ ಮುಗಿಸಿ ಯಾರನ್ನಾದರೂ ಕೋರ್ಟಿಗೆ ಕರೆದುಕೊಂಡು ಹೋಗುವ ಬೆಳಿಗ್ಗೆ ಅವನಿಗೆ ಕರೆ ಬರುತ್ತಿತ್ತು. ವಿಚಾರಣೆ ಅನ್ನುವುದು ಮರ್ಯಾದಸ್ಥರ ಮಾತು. ಒಳಗೆ ನಡೆಯುವುದಕ್ಕೆ ಬೇರೆ ಹೆಸರಿದೆ, ಅದು ಎಲ್ಲರಿಗೂ ಗೊತ್ತು. ಅವನು ಪೆಟ್ಟಿಗೆ ಹಿಡಿದುಕೊಂಡು ಹಿಂಬಾಗಿಲಿಂದ ಹೋಗುತ್ತಿದ್ದ. ನೀರಿನ ತೊಟ್ಟಿಯ ಪಕ್ಕ ಒಂದು ಸ್ಟೂಲಿನ ಮೇಲೆ ಆ ಮನುಷ್ಯನನ್ನು ಕೂರಿಸಿರುತ್ತಿದ್ದರು. ನುಣುಪಣ್ಣ ಬಿಸಿನೀರಿನಲ್ಲಿ ತಲೆಯ ರಕ್ತ ತೊಳೆದು, ಗಡ್ಡ ಕೆರೆದು, ಒಡೆದ ಜಾಗ ಮುಚ್ಚುವಂತೆ ಕೂದಲು ಬಾಚುತ್ತಿದ್ದ. ಕಣ್ಣಿನ ಕೆಳಗೆ ನೀಲಿಗಟ್ಟಿದ್ದರೆ ಅದಕ್ಕೆ ಅವನೇ ಕಂಡುಹಿಡಿದ ಒಂದು ಮಿಶ್ರಣವಿತ್ತು: ಮುಖಕ್ಕೆ ಹಚ್ಚುವ ಕ್ರೀಮು, ಪೌಡರು, ಒಂದು ಚಿಟಿಕೆ ಕಂದು ಶೂ ಪಾಲಿಷ್. ಅಂಗೈಯಲ್ಲಿ ಕಲಸಿ, ಆ ಮನುಷ್ಯನ ಬಣ್ಣಕ್ಕೆ ಹೊಂದುವ ತನಕ ಪಾಲಿಷ್ ಹೆಚ್ಚು ಕಡಿಮೆ ಮಾಡಿ ಹಚ್ಚಿದರೆ ಹೊಡೆದವನಿಗೇ ತಾನು ಎಲ್ಲಿ ಹೊಡೆದೆ ಎಂದು ಗೊತ್ತಾಗುತ್ತಿರಲಿಲ್ಲ. ಅಂಗಾಲು ಊದಿದ್ದರೆ ಎಣ್ಣೆ ತಿಕ್ಕಿ ಕಾಲುಚೀಲ ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಮದುಮಗನ ಥರ ಮಾಡಿದ್ದೀಯಲ್ಲಯ್ಯಾ" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು.

ಇದರಲ್ಲಿ ತಪ್ಪಿದೆ ಎಂದು ನುಣುಪಣ್ಣನಿಗೆ ಅನ್ನಿಸಿರಲಿಲ್ಲ. ಹೊಡೆದವನು ತಾನಲ್ಲ. ಎಷ್ಟೋ ದಿನಗಳ ಮೇಲೆ ಆ ಮನುಷ್ಯನನ್ನು ನೋಯಿಸದೆ ಮುಟ್ಟಿದ ಕೈ ತನ್ನದೊಂದೇ. ಕೆಲವರು ಬಿಸಿನೀರು ತಾಗಿದ ಕೂಡಲೇ ಅಳುತ್ತಿದ್ದರು. ಅವರ ಕೆನ್ನೆ ಒರೆಸುವಾಗ ತಾನು ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೇ ಅವನು ಅಂದುಕೊಂಡಿದ್ದ. ಹೊಟ್ಟೆಪಾಡಿಗೆ ಮಾಡಿದ್ದನ್ನು ಪುಣ್ಯ ಅಂದುಕೊಳ್ಳುವುದರಲ್ಲಿ ಅವನೊಬ್ಬನೇ ಅಲ್ಲ, ನಾವೂ ಏನು ಕಡಿಮೆಯಿಲ್ಲ. ಅದರ ಜೊತೆಗೆ ಅವನಿಗೊಂದು ಜಂಬವೂ ಇತ್ತು. ಓದಿ ಓದಿ ಕನ್ನಡಕ ಹಾಕಿಕೊಂಡ ಜಡ್ಜ್ ಸಾಹೇಬರ ಕಣ್ಣಿಗೇ ಮಣ್ಣೆರಚುವ ಕೈ ತನ್ನದು ಎಂದು. ಅವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ತಾನು ಸಿದ್ಧಮಾಡಿ ಕಳಿಸಿದ ಒಬ್ಬನ ವಿಷಯದಲ್ಲೂ ಜಡ್ಜ್ ಎರಡನೆಯ ಪ್ರಶ್ನೆ ಕೇಳಿಲ್ಲ ಎಂದು ಪೇದೆಗಳು ಬಂದು ಹೇಳುತ್ತಿದ್ದರು. ಅಷ್ಟು ಸಾಕಾಗಿತ್ತು.

ಅವನಿಗೆ ಮಕ್ಕಳಿರಲಿಲ್ಲ. ಇದ್ದವಳು ಒಬ್ಬ ತಂಗಿ, ಗಂಡ ಸತ್ತವಳು. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ. ಅವಳಿಗೆ ಒಬ್ಬ ಮಗ. ಅವನು ಬೆಳೆದದ್ದೇ ಮಾವನ ಅಂಗಡಿಯಲ್ಲಿ, ಕತ್ತರಿಸಿದ ಕೂದಲಿನ ನಡುವೆ ಕೂತು ಓದಿಕೊಂಡು. ಅವನಿಗೆ ಮೀಸೆ ಚಿಗುರಿದಾಗ ಮೊದಲ ಸಲ ಬ್ಲೇಡು ಇಟ್ಟವನು ನುಣುಪಣ್ಣನೇ. ಅಳಿಯ ಈಗ ಟೈರ್ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಹುಡುಗಿ ನೋಡಬೇಕು ಎಂದು ಅಣ್ಣ ತಂಗಿ ಮಾತಾಡಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಒಂದು ಸಂಜೆ ಮ್ಯಾನೇಜರನ ಕಾರಿಗೆ ಯಾರೋ ಬೆಂಕಿ ಇಟ್ಟರು. ಯಾರೋ ಇಟ್ಟರು ಎಂದರೆ ಪೊಲೀಸರಿಗೆ ನಡೆಯುತ್ತದೆಯೇ? ಗೇಟಿನ ಹತ್ತಿರ ಸಿಕ್ಕವರನ್ನು ವ್ಯಾನಿಗೆ ತುಂಬಿದರು. ಉಳಿದವರನ್ನು ಎರಡು ಮೂರು ದಿನ ಇಟ್ಟುಕೊಂಡು ಬಿಟ್ಟರು, ಅಳಿಯನನ್ನು ಬಿಡಲಿಲ್ಲ. ಬೆಂಕಿ ಇಟ್ಟವರ ಹೆಸರು ಹೇಳು ಅಂದರೆ ಅವನು ನೋಡಿಲ್ಲ ಅಂದನಂತೆ. ನಿಜವಾಗಿ ನೋಡಿರಲಿಲ್ಲವೋ, ನೋಡಿಯೂ ಹೇಳಲಿಲ್ಲವೋ, ಅದು ಅವನ ಜೊತೆಗೇ ಹೋಯಿತು.

ಮುಷ್ಕರದವರು ರಾತ್ರಿಯೂ ಗೇಟಿನಲ್ಲೇ ಇರುತ್ತಿದ್ದರಾದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ; ಬಿಡುಗಡೆಯಾದವರು ಹೇಳಿದ ಕೂಡಲೇ ತಂಗಿ ತನ್ನ ಕಾರ್ಖಾನೆಯಿಂದ ಸೀದಾ ಅಂಗಡಿಗೆ ಓಡಿ ಬಂದಳು. ಬೆರಳಿಗೆ ಹಾಕಿಕೊಂಡ ಹೊಲಿಗೆಯ ತಗಡಿನ ಟೋಪಿಯನ್ನೂ ತೆಗೆದಿರಲಿಲ್ಲ. ನುಣುಪಣ್ಣ ಗಿರಾಕಿಯನ್ನು ಅರ್ಧ ಮುಖದ ನೊರೆಯಲ್ಲೇ ಬಿಟ್ಟು ಸಾಹೇಬರ ಹತ್ತಿರ ಹೋದ.

ಸಾಹೇಬರು ರಾಕ್ಷಸರಲ್ಲ. ಬೀದಿನಾಯಿಗಳಿಗೆ ತಾವೇ ನಿಂತು ಬಿಸ್ಕತ್ತು ಹಾಕುತ್ತಿದ್ದರು. "ನಿನ್ನ ಅಳಿಯನಾ? ಮೊದಲೇ ಹೇಳಬಾರದಿತ್ತಾ" ಎಂದು ನೊಂದುಕೊಂಡರು ಕೂಡ. ಆದರೆ ಆಗಿದ್ದು ಆಗಿಹೋಗಿದೆ, ನಮ್ಮ ಹುಡುಗರು ಸ್ವಲ್ಪ ಜಾಸ್ತಿ ಮಾಡಿದಾರೆ, ಇನ್ನು ಮುಂದಿನದು ನೋಡೋಣ ಎಂದರು. ಮುಂದಿನದು ಹೀಗಿತ್ತು.

"ನಾಳೆ ಕೋರ್ಟಿಗೆ ಕಳಿಸ್ತೀನಿ. ನೀನು ನಿನ್ನ ಕೆಲಸ ಚೆನ್ನಾಗಿ ಮಾಡು, ಜಡ್ಜ್ ಮುಂದೆ ಬಾಯಿ ಬಿಡಬೇಡ ಅಂತ ಅವನಿಗೆ ಹೇಳು. ನಾನು ಇವನನ್ನ ಠಾಣೆಗೆ ವಾಪಸ್ ಕೇಳೋದಿಲ್ಲ. ನೆಟ್ಟಗೆ ಜೈಲಿಗೆ ಹೋಗ್ತಾನೆ."

ಜೈಲಿಗೆ ಹೋಗುತ್ತಾನೆ ಅಂದರೆ ಬೇರೆಯವರಿಗೆ ಎದೆ ಒಡೆಯುವ ಮಾತು. ನುಣುಪಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಜೈಲಿನಲ್ಲಿ ಹೊಟ್ಟೆಗೆ ಹಾಕುತ್ತಾರೆ, ಮಲಗಲು ಬಿಡುತ್ತಾರೆ, ಯಾರೂ ಹೆಸರು ಹೇಳು ಅನ್ನುವುದಿಲ್ಲ. ಠಾಣೆಗೆ ವಾಪಸ್ ಬಂದರೆ ಏನು ಎಂಬುದು ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಇದನ್ನು ತಂಗಿಗೆ ಹೇಳಿದ. ಅವಳು ಬೆರಳಿನ ಟೋಪಿ ತೆಗೆದಿಟ್ಟು, "ಅಣ್ಣಾ, ನಿನ್ನ ಕೈ ತಡೆದುಕೋ" ಅಂದಳು. "ಅವನು ಹೇಗಿದಾನೋ ಹಾಗೇ ಹೋಗಿ ನಿಂತುಕೊಳ್ಳಲಿ. ಅಂಥ ಮುಖ ನೋಡಿದ ಮೇಲೂ ಯಾವ ಜಡ್ಜ್ ಪೊಲೀಸರ ಪರ ಮಾತಾಡ್ತಾರೆ? ಜೈಲೂ ಬೇಡ, ಮನೆಗೇ ಕಳಿಸ್ತಾರೆ."

ನುಣುಪಣ್ಣನಿಗೂ ಅದೇ ಸರಿ ಅನ್ನಿಸಿತು. ಸಾಹೇಬರ ಮಾತು ನಂಬಬಾರದು ಎಂದಲ್ಲ. ಸತ್ಯಕ್ಕೂ ಜಡ್ಜ್ ಸಾಹೇಬರ ಕಣ್ಣಿಗೂ ನಡುವೆ ಇರುವುದು ತನ್ನ ಕ್ರೀಮು ಪೌಡರು ಮಾತ್ರ ಎಂದು ಅವನೇ ಅಷ್ಟು ವರ್ಷ ನಂಬಿಕೊಂಡು ಬಂದಿದ್ದ. ಅದನ್ನು ತೆಗೆದುಬಿಟ್ಟರೆ ಆಯಿತಲ್ಲ, ಕಂಡೇ ಕಾಣುತ್ತದೆ! ಇಂಥ ತಪ್ಪನ್ನು ನೀವು ನಾವು ಮಾಡುತ್ತಿರಲಿಲ್ಲ. ತನ್ನ ಕೈಕೆಲಸದ ಮೇಲೆ ಅಷ್ಟೊಂದು ಭರವಸೆ ಇದ್ದವನು ಮಾತ್ರ ಮಾಡುವ ತಪ್ಪು ಅದು.

ಮರುದಿನ ಬೆಳಿಗ್ಗೆ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಅಳಿಯ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹುಬ್ಬು ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಕೆನ್ನೆಯ ಮೇಲೆ ಬೂಟಿನ ಅಡಿಯ ಗೆರೆಗಳು ಎಣಿಸುವ ಹಾಗೆ ಮೂಡಿದ್ದವು. ಅಂಥದ್ದನ್ನು ನುಣುಪಣ್ಣ ಎಷ್ಟೋ ನೋಡಿದ್ದ, ನೋಡಿ ಕ್ರೀಮಿನ ಡಬ್ಬಿ ತೆಗೆದಿದ್ದ. ಇವತ್ತು ಪೆಟ್ಟಿಗೆಯ ಮುಚ್ಚಳ ತೆಗೆಯಲೂ ಆಗದೆ ಅಲ್ಲೇ ಕುಕ್ಕರಿಸಿದ.

"ಮಾವಾ, ಎಷ್ಟು ಜನಕ್ಕೆ ಮಾಡಿದ್ದೀಯ ಹೀಗೆ?" ಎಂದು ಅಳಿಯ ಕೇಳಿದ. "ನಂಗೆ ಮಾಡಬೇಡ. ನೋಡಲಿ."

ಸಾಹೇಬರು ಆ ದಿನ ಯಾರೋ ಮಂತ್ರಿಯ ಬಂದೋಬಸ್ತಿಗೆ ಹೋಗಿದ್ದರು, ಗದ್ದ ಹಿಡಿದು ನೋಡುವವರಿರಲಿಲ್ಲ. ನುಣುಪಣ್ಣ ಮುಚ್ಚಿದ ಕಣ್ಣಿಗೆ ನೀರು ಹಾಕಿ ಸ್ವಲ್ಪ ಬಿಡಿಸಿದ, ಅಷ್ಟೇ. ವ್ಯಾನಿಗೆ ಹತ್ತಿಸುವಾಗ ಎಂದಿನಂತೆ ತಲೆಯ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟರು. ಪೇದೆಗಳು ಅದರ ಒಳಗೆ ಇಣುಕಿ ನೋಡುವ ಗೋಜಿಗೆ ಹೋಗಲಿಲ್ಲ. ಅವರಿಗೂ ನುಣುಪಣ್ಣನ ಕೈಮೇಲೆ ಅಷ್ಟು ಭರವಸೆ.

ಅಂಗಡಿ ಮುಚ್ಚಿ ಅವನು ಮೊದಲ ಸಲ ಕೋರ್ಟಿಗೆ ಹೋಗಿ, ತಂಗಿಯ ಜೊತೆ ಹಿಂದಿನ ಬೆಂಚಿನಲ್ಲಿ ಕೂತ. ಕೋಣೆ ತುಂಬ ಕರಿಕೋಟುಗಳು. ಎತ್ತರದ ಮೇಜಿನ ಹಿಂದೆ ವಯಸ್ಸಾದ ಜಡ್ಜ್ ತಲೆ ತಗ್ಗಿಸಿ ಬರೆಯುತ್ತಿದ್ದರು; ಕೂತಲ್ಲಿಂದ ಅವರ ಬಿಳಿಯ ಬೈತಲೆ ಮಾತ್ರ ಕಾಣುತ್ತಿತ್ತು. ಅಳಿಯನನ್ನು ಕೂಗಿದರು. ಕಟಕಟೆಯಲ್ಲಿ ನಿಲ್ಲಿಸಿ ಬಟ್ಟೆ ತೆಗೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡಳು. ಸರ್ಕಾರಿ ವಕೀಲರು ಒಮ್ಮೆ ನೋಡಿ, ಪೇದೆಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಬೈದರು. ತಂಗಿ ಅಣ್ಣನ ಮಣಿಕಟ್ಟು ಹಿಡಿದುಕೊಂಡಳು.

"ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?" ಎಂದು ಬೈತಲೆ ಕೇಳಿತು. ಪೆನ್ನು ಓಡುತ್ತಲೇ ಇತ್ತು.

"ಏನಿಲ್ಲ ಸ್ವಾಮಿ" ಎಂದರು ಸರ್ಕಾರಿ ವಕೀಲರು.

"ಸ್ವಾಮಿ, ನನ್ನ ಮುಖ ನೋಡಿ" ಎಂದ ಅಳಿಯ.

"ಏನಿದ್ದರೂ ಬರೆದು ಕೊಡಿ" ಎಂದು ಜಡ್ಜ್ ಹಾಳೆ ಮಗುಚಿದರು.

ವಿಚಾರಣೆ ಬಾಕಿ ಇದೆ, ಇನ್ನಷ್ಟು ದಿನ ಇವನು ಠಾಣೆಯಲ್ಲೇ ಬೇಕು ಎಂದು ಸರ್ಕಾರಿ ವಕೀಲರು ಕೇಳಿದರು. ಕೇಳದೆ ಇನ್ನೇನು ಮಾಡುತ್ತಾರೆ? ಜೈಲಿನ ಬಾಗಿಲಲ್ಲಿ ಒಬ್ಬ ಡಾಕ್ಟರು ಇರುತ್ತಾನೆ. ಇಂಥ ಮುಖ ಕಂಡರೆ ಬರೆದುಕೊಳ್ಳದೆ ಒಳಗೆ ಸೇರಿಸುವುದಿಲ್ಲ. ಊತ ಇಳಿಯುವ ತನಕ ಠಾಣೆಯಲ್ಲೇ ಇರಬೇಕು. ಜಡ್ಜ್ ಸರಿ ಎಂದರು. ನುಣುಪಣ್ಣ ಎದ್ದು ನಿಂತು, "ಸ್ವಾಮಿ, ಒಂದೇ ಒಂದು ಸಲ ತಲೆ ಎತ್ತಿ" ಎಂದ. ಜಡ್ಜ್ ತಲೆ ಎತ್ತಿದರು. ಗಲಾಟೆ ಮಾಡಿದವನು ಯಾರು ಎಂದು ಹಿಂದಿನ ಬೆಂಚಿನ ಕಡೆ ನೋಡಿದರು. ಕಟಕಟೆ ಅವರ ಬಲಕ್ಕಿತ್ತು, ಆ ಕಡೆ ತಿರುಗಲೇ ಇಲ್ಲ. ಜವಾನ ಬಂದು ನುಣುಪಣ್ಣನ ಭುಜ ಅದುಮಿ ಕೂರಿಸಿದ, ಅಳಿಯನ ತಲೆಗೆ ಮತ್ತೆ ಬಟ್ಟೆ ಬಿತ್ತು.

ಇಷ್ಟು ವರ್ಷ ಹಚ್ಚಿದ ಕ್ರೀಮೆಲ್ಲ ದಂಡ ಎಂದು ಅವನಿಗೆ ಅಲ್ಲೇ ಕೂತಲ್ಲಿ ತಿಳಿಯಿತು. ಅವನು ಮೋಸ ಮಾಡಿರಲೇ ಇಲ್ಲ. ಮೋಸ ಹೋಗಲು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಇದು ಒಂದು ದಿನ ಮುಂಚೆ ತಿಳಿದಿದ್ದರೆ ಅಳಿಯ ಈಗ ಜೈಲಿನ ದಾರಿಯಲ್ಲಿರುತ್ತಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಮೇಲಿನದನ್ನು ಎಳೆಯುವುದು ಬೇಡ. ಸಾಹೇಬರಿಗೆ ಸುದ್ದಿ ಮುಟ್ಟಿತು. ಕಟಿಂಗ್ ಶಾಪಿನವನು ತಮಗೇ ತಿರುಗಿಬಿದ್ದ ಎಂದು ಅವರು ಉರಿದುಬಿದ್ದರಂತೆ. ಆ ಉರಿ ತೀರಿಸಿಕೊಳ್ಳಲು ಮನುಷ್ಯ ಕೈಯಲ್ಲೇ ಇದ್ದ. ಕೊನೆಗೆ ಒಬ್ಬ ಪೇದೆ ಅಂಗಡಿಗೆ ಬಂದು, ನಿನ್ನ ಅಳಿಯ ಮೆಟ್ಟಿಲಿಂದ ಜಾರಿ ಬಿದ್ದು ಹೋಗಿಬಿಟ್ಟ ಎಂದ. ಆ ಠಾಣೆಗೆ ಮಾಳಿಗೆಯಿಲ್ಲ. ಮುಂಬಾಗಿಲಿಗೆ ಮೂರು ಮೆಟ್ಟಿಲು, ನಾಯಿಗಳು ಮಲಗುವಂಥವು. ಆ ಪೇದೆಗೂ ಅದು ಗೊತ್ತಿತ್ತು, ಆದರೂ ಕಣ್ಣು ಮಿಟುಕಿಸದೆ ಹೇಳಿದ.

ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ತಂಗಿ ಗೋಡೆ ಹಿಡಿದು ನಿಂತಿದ್ದಳು. ಒಳಗೆ ಹೋಗಿ ಬಂದ ನುಣುಪಣ್ಣನ ಮುಖ ನೋಡಿದ ಮೇಲೆ ಅವಳು ಒಳಗೆ ಹೋಗಲಿಲ್ಲ.

"ಹಾಗೆ ನೋಡಲಾರೆ ಅಣ್ಣಾ" ಅಂದಳು. "ನೀನು ಸರಿ ಮಾಡು. ಆಮೇಲೆ ಬರ್ತೀನಿ."

ಕಾವಲಿಗಿದ್ದ ಪೇದೆ ಬೇಡವೆನ್ನಲಿಲ್ಲ, ಬಕೆಟ್ಟಿನಲ್ಲಿ ನೀರನ್ನೂ ತಂದುಕೊಟ್ಟ. ನುಣುಪಣ್ಣ ಪೆಟ್ಟಿಗೆ ಬಿಚ್ಚಿದ. ಇನ್ನು ಯಾರ ಕಣ್ಣು ತಪ್ಪಿಸುವುದೂ ಇರಲಿಲ್ಲ, ನೋಡುವವಳು ತಾಯಿ ಒಬ್ಬಳೇ. ಗಡ್ಡ ಕೆರೆದ. ಒಡೆದ ತುಟಿಯನ್ನು ಒಳಗಿನಿಂದ ಹೊಲಿದ. ಬೂಟಿನ ಗೆರೆಗಳ ಮೇಲೆ ಒಂದು ಪದರ ಹಚ್ಚಿ, ಅದು ಒಣಗುವ ತನಕ ಕಾದು, ಇನ್ನೊಂದು ಪದರ ಹಚ್ಚಿದ. ತಾಯಿ ಕೈ ಹಿಡಿಯುತ್ತಾಳೆ ಎಂದು ಕೈಗಳಿಗೂ, ಪಾದ ಮುಟ್ಟುತ್ತಾಳೆ ಎಂದು ಪಾದಗಳಿಗೂ ಮಾಡಿದ. ಮೈಯನ್ನು ಶವಪರೀಕ್ಷೆ ಮಾಡಿದ ಡಾಕ್ಟರು ಆಗಲೇ ಹೊಲಿದು ಬಟ್ಟೆ ಸುತ್ತಿದ್ದರು. ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಮಾಡಿರಲಿಲ್ಲ. ಮಾಡುತ್ತ ಮಾಡುತ್ತ ಅತ್ತ, ಕಣ್ಣೀರು ಬಿದ್ದಲ್ಲಿ ಮತ್ತೆ ಪೌಡರು ಹಾಕಿದ.

ತಂಗಿ ಒಳಗೆ ಬಂದು ಮಗನ ಕೆನ್ನೆಗೆ ಕೆನ್ನೆ ಇಟ್ಟಳು. "ಮಲಗಿದ ಹಾಗೇ ಇದಾನೆ" ಅಂದಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಪೊಲೀಸರ ವಶದಲ್ಲಿ ಸತ್ತವನನ್ನು ಜಡ್ಜ್ ಒಬ್ಬರು ಖುದ್ದಾಗಿ ಬಂದು ನೋಡಬೇಕು ಎಂದು ಕಾನೂನಿದೆ. ಬಂದವರು ಕೋರ್ಟಿನಲ್ಲಿದ್ದ ಆ ಹಳಬರಲ್ಲ, ಸಣ್ಣ ವಯಸ್ಸಿನ ಹೆಂಗಸು, ಎಣ್ಣೆ ಕಾಣದ ಗಿಡ್ಡ ಕೂದಲು, ದಪ್ಪ ಕನ್ನಡಕ. ಬಾಗಿಲಲ್ಲೇ ನಿಂತು ಸಹಿ ಹಾಕಿ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ನೇರ ಒಳಗೆ ಬಂದರು. ದೀಪವನ್ನು ಹತ್ತಿರಕ್ಕೆ ಎಳೆಸಿಕೊಂಡರು. ಬಗ್ಗಿ, ಉಸಿರು ತಾಗುವಷ್ಟು ಹತ್ತಿರದಿಂದ, ಆ ಮುಖವನ್ನು ನೋಡಿದರು. ಕೈ ಎತ್ತಿ ಉಗುರುಗಳನ್ನು ನೋಡಿದರು, ಪಾದಗಳನ್ನು ತಿರುಗಿಸಿ ನೋಡಿದರು. ನೋಡಿ, ಮುಖ ಕೈ ಕಾಲುಗಳಲ್ಲಿ ಗಾಯ ಕಾಣಿಸುವುದಿಲ್ಲ ಎಂದು ಪಕ್ಕದವನಿಗೆ ಬರೆಸಿದರು. ಮೈಮೇಲಿನದಕ್ಕೆ ಮೆಟ್ಟಿಲಿಂದ ಬಿದ್ದರೆ ಆಗುವಂಥದ್ದು ಎಂದು ಡಾಕ್ಟರು ಆಗಲೇ ಬರೆದುಕೊಟ್ಟಿದ್ದರು. ಆ ಡಾಕ್ಟರು ತಮ್ಮ ಶೂ ನೋಡುತ್ತ ನಿಂತಿದ್ದರು. ಗೋಡೆಯ ಹತ್ತಿರ ಸಾಹೇಬರು ಟೋಪಿ ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿದ್ದರು.

ನುಣುಪಣ್ಣನಿಗೆ ನೆಲ ಬಾಯಿಬಿಟ್ಟ ಹಾಗಾಯಿತು. ಕೊನೆಗೂ ನೋಡುವ ಕಣ್ಣು ಬಂದಿತ್ತು, ಅದರ ಮುಂದೆ ಇದ್ದದ್ದು ಅವನ ಮಿಶ್ರಣ. ಬಕೆಟ್ಟಿನಿಂದ ಟವೆಲು ಹಿಂಡಿ ಹಿಡಿದುಕೊಂಡು ತಂಗಿಯ ಪಕ್ಕಕ್ಕೆ ಹೋದ.

"ಒರೆಸಬೇಕು" ಎಂದ ಮೆಲ್ಲಗೆ.

ಅವಳಿಗೆ ಅರ್ಥವಾಯಿತು. ಮಗನನ್ನು ಅವಳಿನ್ನೂ ಕಣ್ಣು ತುಂಬ ನೋಡಿರಲಿಲ್ಲ. ಮತ್ತೊಮ್ಮೆ ನೋಡಿದಳು, ಹಣೆಯಿಂದ ಗದ್ದದ ತನಕ.

"ಒರೆಸು" ಅಂದಳು. ಈ ಸಲ ಮುಖ ತಿರುಗಿಸಲಿಲ್ಲ.

"ಅಮ್ಮಾ, ಇದು ನಾನು ಹಚ್ಚಿದ್ದು, ಈಗ ನೋಡಿ" ಎಂದು ನುಣುಪಣ್ಣ ಜಡ್ಜಮ್ಮನಿಗೆ ಹೇಳಿ, ಅವರ ಎದುರಿಗೇ ಒರೆಸಿದ. ಕಂದು ನೀರು ಕಿವಿಯ ಹಿಂದೆ ಇಳಿಯಿತು. ಗಾಯಗಳು ಒಂದೊಂದೇ ಕಾಣಿಸಿಕೊಂಡವು. ತಾಯಿಯೂ ಎಲ್ಲವನ್ನೂ ನೋಡಿದಳು.

ಜಡ್ಜಮ್ಮ ಹೆದರುವವರಲ್ಲ, ಮೊದಲು ಬರೆಸಿದ್ದನ್ನು ಹೊಡೆದುಹಾಕಿಸಿ ಹೊಸದಾಗಿ ಬರೆಸಿದರು. ಇಷ್ಟು ಚೆನ್ನಾಗಿ ಮುಚ್ಚುವುದನ್ನು ಎಲ್ಲಿ ಕಲಿತೆ ಎಂದು ಅವನನ್ನು ಕೇಳಿದರು. ಅವನು ತೊಟ್ಟಿಯ ಪಕ್ಕದ ಸ್ಟೂಲಿನಿಂದ ಶುರುಮಾಡಿ ಎಲ್ಲ ಹೇಳಿದ. ಅವರು ಅದನ್ನೂ ಬರೆಸಿಕೊಂಡರು, ಒಂದಕ್ಷರ ಬಿಡದೆ. ಸಾಹೇಬರ ಮುಖ ಬಿಳಿಚಿದ್ದನ್ನು ಕಂಡು ನುಣುಪಣ್ಣನಿಗೆ, ಕಾನೂನು ಅನ್ನುವುದೊಂದು ಇದೆ ಎಂದು ಆ ದುಃಖದಲ್ಲೂ ಅನ್ನಿಸಿತು.

ಕಾನೂನು ಇತ್ತು, ಎದ್ದು ಓಡಾಡಲೂ ತೊಡಗಿತು. ತನಿಖೆ ನಡೆಯಿತು. ಗಾಯಗಳಿದ್ದದ್ದು ನಿಜ ಎಂದು ಒಪ್ಪಿಕೊಂಡರು. ಮಾಡಿದವರು ಯಾರು? ಠಾಣೆಯ ಕ್ಯಾಮೆರಾ ಕೆಟ್ಟಿತ್ತು. ಡ್ಯೂಟಿಯಲ್ಲಿದ್ದವರೆಲ್ಲ ಬೇರೆ ಡ್ಯೂಟಿಯಲ್ಲಿದ್ದರು. ಯಾರು ಎಂದು ಗೊತ್ತಾಗುವುದಿಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಆದರೆ ಇಡೀ ಪ್ರಕರಣದಲ್ಲಿ ಒಂದು ಅಪರಾಧಕ್ಕೆ ಮಾತ್ರ ಏನೂ ಕೊರತೆ ಇರಲಿಲ್ಲ. ಹೆಣದ ಮೇಲಿನ ಗಾಯಗಳನ್ನು ಮುಚ್ಚಿದವನು ಜಡ್ಜ್ ಎದುರಿಗೇ ಒಪ್ಪಿಕೊಂಡಿದ್ದ. ಕ್ರೀಮು, ಪೌಡರು, ಪಾಲಿಷ್ ಡಬ್ಬಿ ಸಿಕ್ಕಿದ್ದವು. ಹಿಂದೆಯೂ ಇಂಥದ್ದೇ ಮಾಡಿದ್ದೇನೆ ಎಂದು ಅವನೇ ಹೇಳಿದ್ದ. ನಮ್ಮ ಬೆನ್ನ ಹಿಂದೆ ಹೀಗೆಲ್ಲ ಮಾಡುತ್ತಿದ್ದ ಎಂದು ಸಾಹೇಬರು ಬಂದು ಸಾಕ್ಷಿ ನುಡಿದರು. ಜಡ್ಜಮ್ಮ ಒಂದಕ್ಷರ ಬಿಡದೆ ಬರೆಸಿದ್ದೇ ಅವನ ಮೇಲಿನ ದೊಡ್ಡ ಪುರಾವೆಯಾಯಿತು. ಸಾಕ್ಷ್ಯ ನಾಶ ಎಂದು ನುಣುಪಣ್ಣನಿಗೆ ಶಿಕ್ಷೆಯಾಯಿತು. ಆ ಹುಡುಗ ಸತ್ತದ್ದಕ್ಕೆ ಜೈಲಿಗೆ ಹೋದವನು ಅವನ ಸೋದರಮಾವ ಒಬ್ಬನೇ.

ತಂಗಿ ಒಂದು ದಿನ ಜೈಲಿಗೆ ನೋಡಲು ಬಂದಳು. ನಡುವೆ ತಂತಿಯ ಜಾಲರಿ, ಆ ಕಡೆ ಈ ಕಡೆ ಗದ್ದಲ. ಊಟದ್ದು, ಕೆಮ್ಮಿನದ್ದು, ಅದೂ ಇದೂ ಕೇಳಿದಳು. ಆಮೇಲೆ ಜಾಲರಿಗೆ ಹತ್ತಿರ ಬಂದಳು.

"ಅಣ್ಣಾ, ನಂಗೆ ಎರಡೇ ಮುಖ ನೆನಪಿದೆ. ನೀನು ಮಾಡಿಕೊಟ್ಟದ್ದು, ಆಮೇಲೆ ಒರೆಸಿದ್ದು. ನನ್ನ ಮಗನದು ಹೇಗಿತ್ತು, ಅದು ಬರ್ತಾನೇ ಇಲ್ಲ. ಫೋಟೋ ಎಲ್ಲಾ ಅವನ ಫೋನಲ್ಲಿತ್ತು, ಅದನ್ನ ಠಾಣೆಯವರು ಕೊಡಲೇ ಇಲ್ಲ. ನೀನು ಹೇಳು. ಎಷ್ಟು ಸಲ ಕೈಯಾಡಿಸಿದ್ದೀಯ ಆ ಮುಖದ ಮೇಲೆ."

ನುಣುಪಣ್ಣ ಕಣ್ಣು ಮುಚ್ಚಿ ಹುಡುಕಿದ. ಬಂದದ್ದು ಪೌಡರಿನ ಮುಖ. ಅದನ್ನು ಸರಿಸಿದರೆ ಬೂಟಿನ ಗೆರೆಗಳ ಮುಖ. ಅದರಾಚೆಗೆ ಸಾಲಾಗಿ ಸ್ಟೂಲಿನ ಮೇಲೆ ಕೂತಿದ್ದವರು, ಅವನು ನುಣ್ಣಗೆ ಮಾಡಿ ಕಳಿಸಿದವರು. ಅವರಲ್ಲಿ ಅಳಿಯ ಇರಲಿಲ್ಲ.

"ಅಗಲ ಹಣೆ" ಎಂದು ಅವನು ಶುರುಮಾಡಿದ. "ಹುಬ್ಬು ಎರಡೂ ಹತ್ತಿರ ಹತ್ತಿರ. ನಕ್ಕರೆ ಎಡಗಡೆ ಮಾತ್ರ ಗುಳಿ ಬೀಳ್ತಿತ್ತು."

"ಹೌದು ಹೌದು" ಎಂದು ತಂಗಿ ಜಾಲರಿಗೆ ಹಣೆ ಒತ್ತಿಕೊಂಡು ತಲೆಯಾಡಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿಯಲ್ಲಿ ನಗುವಿನಂಥದ್ದು ಬಂದಿತ್ತು. ಹೊತ್ತಾಯಿತು ಎಂದು ಕಾವಲಿನವನು ಕೂಗುವ ತನಕ ನುಣುಪಣ್ಣ ಯಾರದೋ ಮುಖವನ್ನು ಅವಳಿಗೆ ಹೇಳುತ್ತಲೇ ಇದ್ದ.